ಹಿಮದ ರಸ್ತೆಗೆ ಹೊರಟ ಕೆಎಲ್ 14 ಕಾರುಗಳಿಗೆ

ಕೆಎಲ್ 14 ಅಂದರೆ ನಮ್ಮ ಕಾಸರಗೋಡಿನ ಗಾಡಿಗಳ ನಂಬರು. ಹಿಮದಲ್ಲಿ ಗಾಡಿ ಓಡಿಸುವ ಮಾತು ಬಂದರೆ ಇಲ್ಲಿನ ಪೆರ್ಲ, ಬದಿಯಡ್ಕ ಕಡೆಯ ಹುಡುಗರು ಮೊದಲು ಕೇಳುವುದು ಒಂದೇ. "ಫೋರ್ ಬೈ ಫೋರ್ ಇದ್ರೆ ಸಾಕಲ್ವಾ?" ಸಾಕಾಗುವುದಿಲ್ಲ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಕ್ಕರೆ ಗಾಡಿ ಸುಲಭವಾಗಿ ಹೊರಡುತ್ತದೆ, ಏರು ಹತ್ತುತ್ತದೆ. ನಿಲ್ಲಿಸುವಾಗ ಅದರಿಂದ ಏನೂ ಪ್ರಯೋಜನ ಇಲ್ಲ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುವುದು. ಫೋರ್ ಬೈ ಫೋರ್ ನಂಬಿ ವೇಗ ಹೆಚ್ಚಿಸಿದವರು ಮೊದಲ ಇಳಿಜಾರಿನಲ್ಲೇ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ.

ನಾನು ಸೇನೆಯ ಎಎಸ್‌ಸಿಯಲ್ಲಿ, ಅಂದರೆ ಸಾಮಾನು ಸಾಗಿಸುವ ವಿಭಾಗದಲ್ಲಿ, ಡ್ರೈವರ್ ಆಗಿದ್ದವನು. ಬೆಂಗಳೂರಿನ ಸೆಂಟರಿನಲ್ಲಿ ತರಬೇತಿ ಮುಗಿಸಿ ಎಲ್ಲೆಲ್ಲೋ ಕೆಲಸ ಮಾಡಿದೆ. ಅದರಲ್ಲಿ ಕೆಲವು ವರ್ಷ ಶ್ರೀನಗರ–ಲೇಹ್ ರಸ್ತೆಯಲ್ಲಿ ಸ್ಟಾಲಿಯನ್ ಲಾರಿ ಓಡಿಸಿದೆ. ಈಗ ಪೆರ್ಲದ ಹತ್ತಿರ ಅಡಿಕೆ ತೋಟ ನೋಡಿಕೊಂಡು ಇದ್ದೇನೆ. ಡಿಸೆಂಬರ್ ಬಂತೆಂದರೆ ನಾವು ತೋಡಿಗೆ ಕಟ್ಟ ಹಾಕಿ ನೀರು ನಿಲ್ಲಿಸುವ ಗಡಿಬಿಡಿಯಲ್ಲಿರುತ್ತೇವೆ. ಅದೇ ಹೊತ್ತಿಗೆ ಊರಿನ ಹುಡುಗರು ಕಾರು ಸರ್ವಿಸ್ ಮಾಡಿಸಿ ಮನಾಲಿಗೋ ಕಾಶ್ಮೀರಕ್ಕೋ ಹೊರಡುತ್ತಾರೆ. ಹೋಗಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹಿಮ ನೋಡುವ ಆಸೆ ಒಳ್ಳೆಯದೇ. ತಿಳಿದುಕೊಂಡು ಹೋಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮವರು ಕೆಟ್ಟ ಡ್ರೈವರುಗಳಲ್ಲ. ಜುಲೈ ಮಳೆಯಲ್ಲಿ, ಎದುರಿನ ಲಾರಿಯ ಲೈಟೇ ಕಾಣದ ರಾತ್ರಿಯಲ್ಲಿ ಕುಂಬಳೆಯಿಂದ ಮನೆಗೆ ಬರುವವರು. ತೊಂದರೆ ಇರುವುದು ಆ ಧೈರ್ಯದಲ್ಲೇ. 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಜಾಸ್ತಿ ಮಳೆ ಬರಬಹುದು ಅನಿಸಿದರೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುತ್ತದೆ. ಕಲೆಕ್ಟರು ಶಾಲೆಗಳಿಗೆ ರಜೆ ಕೊಡುತ್ತಾರೆ. ಮಕ್ಕಳು ಮನೆಯಲ್ಲಿ ಉಳಿಯುತ್ತಾರೆ, ದೊಡ್ಡವರು ಮಾತ್ರ ಕಾರು ಬೈಕು ಹತ್ತಿ ಹೊರಡುತ್ತಾರೆ. ಎಷ್ಟೇ ತಡವಾಗಲಿ, ಇವತ್ತೇ ತಲುಪಬೇಕು. 2024ರ ಜೂನ್‌ನಲ್ಲಿ ಕುತ್ತಿಕ್ಕೋಲು ಸಮೀಪದ ಪಳ್ಳಂಜಿಯಲ್ಲಿ ನೀರು ಉಕ್ಕಿದ ಸೇತುವೆಯ ಮೇಲೆ ಕತ್ತಲಲ್ಲಿ ಕಾರು ಹೋಗಿ ಹೊಳೆಯಲ್ಲಿ ಕೊಚ್ಚಿಕೊಂಡು ಹೋಯಿತು. ಅದರಲ್ಲಿದ್ದ ಇಬ್ಬರು ಯುವಕರು ಮರ ಹಿಡಿದುಕೊಂಡು ಬದುಕಿದರು, ಅಗ್ನಿಶಾಮಕ ದಳದವರು ಬಂದು ದಡ ಸೇರಿಸಿದರು. ಅಲ್ಲಿ ಹಿಡಿದುಕೊಳ್ಳಲು ಒಂದು ಮರ ಇತ್ತು. ಶ್ರೀನಗರ–ಲೇಹ್ ರಸ್ತೆ ಬೆಟ್ಟ ದಾಟುವ ಜೋಜಿ ಲಾದ ಮೇಲಿನ ತಿರುವುಗಳಲ್ಲಿ ಮರವೂ ಇಲ್ಲ.

ಬಿಳಿ ಹಿಮ ಕಂಡ ಕೂಡಲೇ ಎಲ್ಲರೂ ಹುಷಾರಾಗುತ್ತಾರೆ. ಹೊಸದಾಗಿ ಬಿದ್ದ ಹಿಮದಲ್ಲಿ ಟಯರಿಗೆ ಒಂದಿಷ್ಟು ಹಿಡಿತವೂ ಸಿಗುತ್ತದೆ. ಹೆದರಬೇಕಾದ್ದು ಬ್ಲ್ಯಾಕ್ ಐಸಿಗೆ. ಹಗಲಿನ ಬಿಸಿಲಿಗೆ ಹಿಮ ಕರಗಿ ರಸ್ತೆ ಮೇಲೆ ನೀರು ಹರಿಯುತ್ತದೆ. ಸೂರ್ಯ ಬೆಟ್ಟದ ಹಿಂದೆ ಸರಿದ ಕೂಡಲೇ ಆ ನೀರು ತೆಳ್ಳಗೆ ಹೆಪ್ಪುಗಟ್ಟುತ್ತದೆ. ಕೆಳಗಿನ ಡಾಮರು ಹಾಗೇ ಕಾಣುತ್ತದೆ. ನೋಡಿದವರಿಗೆ ರಸ್ತೆ ಸುಮ್ನೆ ಒದ್ದೆಯಾಗಿದೆ ಅನಿಸುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಪಾಚಿ ಕಟ್ಟಿದ ನಮ್ಮ ಮುರಕಲ್ಲಿನ ಅಂಗಳದಲ್ಲಿ ಹೇಗೆ ನಡೆಯುತ್ತೇವೋ, ಹಾಗೆ ಗಾಡಿ ನಡೆಸಬೇಕು. ಅಲ್ಲಿ ಯಾರೂ ಓಡುವುದಿಲ್ಲ, ಸರಕ್ಕನೆ ತಿರುಗುವುದಿಲ್ಲ, ಪಾದ ಪೂರ್ತಿ ಊರಿ ಮುಂದಿನ ಹೆಜ್ಜೆ ಇಡುತ್ತೇವೆ.

ಇನ್ನೊಂದು ವಿಷಯ ನಮ್ಮವರಿಗೆ ಹೇಳಿದರೆ ನಂಬುವುದು ಕಷ್ಟ. ಸೊನ್ನೆ ಡಿಗ್ರಿಯ ಆಸುಪಾಸಿನ ಮಂಜುಗಡ್ಡೆ ಮೈನಸ್ 20ರ ಮಂಜುಗಡ್ಡೆಗಿಂತ ಜಾಸ್ತಿ ಜಾರುತ್ತದೆ. ಮೇಲ್ಮೈ ಕರಗುವ ಹಂತದಲ್ಲಿ ಇರುವುದರಿಂದ ಟಯರಿಗೂ ಐಸಿಗೂ ನಡುವೆ ನೀರು ನಿಲ್ಲುತ್ತದೆ. "ಇವತ್ತು ಚಳಿ ಪರವಾಗಿಲ್ಲ" ಅನಿಸಿದ ದಿನ ಇನ್ನಷ್ಟು ನಿಧಾನ ಹೋಗಬೇಕು. ಸೇತುವೆಗಳು ಮೊದಲು ಹೆಪ್ಪುಗಟ್ಟುತ್ತವೆ, ಯಾಕೆಂದರೆ ಅವುಗಳ ಕೆಳಗೂ ತಣ್ಣನೆಯ ಗಾಳಿ ಬೀಸುತ್ತಿರುತ್ತದೆ. ಬಿಸಿಲೇ ಬೀಳದ ತಿರುವು, ಬೆಟ್ಟದಿಂದ ಒರತೆ ಇಳಿಯುವ ಜಾಗ, ಇವೂ ಹಾಗೆಯೇ. ಐಸಿನ ಮೇಲೆ ಗಾಡಿ ನಿಲ್ಲಲು ಒಣ ರಸ್ತೆಯ ಹತ್ತು ಪಟ್ಟು ದೂರ ಬೇಕಾಗಬಹುದು. ಮುಂದಿನ ಗಾಡಿಗೂ ನಿಮಗೂ ಅಷ್ಟು ಅಂತರ ಇರಲಿ. ನಡುವೆ ಯಾರಾದರೂ ನುಗ್ಗಿದರೆ ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ.

ಓಡಿಸುವ ಕ್ರಮ ಹೇಳುವುದು ಸುಲಭ, ಕಾಲಿಗೆ ಬರುವುದು ಕಷ್ಟ. ಎರಡನೇ ಗೇರಿನಲ್ಲಿ ಹೊರಡಿ, ಚಕ್ರ ಸುಮ್ಮನೆ ತಿರುಗುವುದಿಲ್ಲ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ, ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ವೇಗ ಇಳಿಸುವ ಕೆಲಸ ತಿರುವಿಗೆ ಮೊದಲು ನೇರ ರಸ್ತೆಯಲ್ಲೇ ಮುಗಿಯಬೇಕು. ತಿರುವಿನ ಒಳಗೆ ಬ್ರೇಕ್ ಒತ್ತಿದರೆ ಗಾಡಿ ಸ್ಟೇರಿಂಗಿನ ಮಾತು ಕೇಳುವುದಿಲ್ಲ. ಏರು ಹತ್ತುವ ಗಾಡಿ ಬಂದರೆ ಇಳಿಯುವವರು ದಾರಿ ಬಿಡಬೇಕು. ನಡುವೆ ನಿಂತ ಗಾಡಿ ಏರಿನಲ್ಲಿ ಮತ್ತೆ ಹೊರಡುವುದಿಲ್ಲ.

ಹಿಮದಲ್ಲಿ ಹಿಡಿತ ಸಿಗಲು ಟಯರಿಗೆ ಸುತ್ತುವ ಚೈನನ್ನು ಎಂಜಿನ್ ಬಲ ಹೋಗುವ ಚಕ್ರಕ್ಕೆ ಹಾಕಬೇಕು. ನಮ್ಮೂರಿನ ಹೆಚ್ಚಿನ ಕಾರುಗಳಲ್ಲಿ ಅದು ಮುಂದಿನ ಚಕ್ರ. ಹಾಕಿದ ಮೇಲೆ ಗಂಟೆಗೆ 30 ಕಿಲೋಮೀಟರ್ ಸಾಕು. ಹಿಮ ಇಲ್ಲದ ಡಾಮರು ಬಂದ ಕೂಡಲೇ ಬಿಚ್ಚಬೇಕು. ಚೈನು ಹಾಕುವುದನ್ನು ಮನೆಯಂಗಳದಲ್ಲೇ ಕಲಿಯಿರಿ. ಬೆರಳು ಮರಗಟ್ಟುವ ಚಳಿಯಲ್ಲಿ, ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಿರುವಾಗ ಅದು ಕಲಿಯುವ ವಿದ್ಯೆ ಅಲ್ಲ.

ನನಗೆ ಇದನ್ನೆಲ್ಲ ಕಲಿಸಿದವರು ಹಿಮಾಚಲದ ಒಬ್ಬ ಉಸ್ತಾದರು. ಸೇನೆಯಲ್ಲಿ ಕಲಿಸುವವರನ್ನು ಹಾಗೇ ಕರೆಯುವುದು. ಮಾತು ಕಡಿಮೆ. ಬಾಯಲ್ಲಿ ಯಾವಾಗಲೂ ಒಂದು ಲವಂಗ. ಒಂದು ನವೆಂಬರ್‌ನಲ್ಲಿ ನಮ್ಮ ಕಾನ್ವಾಯ್ ಸೋನಾಮಾರ್ಗದಲ್ಲಿ ಬೆಳಗಿನ ಜಾವವೇ ಸಾಲುಗಟ್ಟಿ ನಿಂತಿತ್ತು. ಜೋಜಿ ಲಾ 11,575 ಅಡಿ ಎತ್ತರದಲ್ಲಿದೆ. ಅಲ್ಲಿ ಇಕ್ಕಟ್ಟಿನ ರಸ್ತೆ, ಒಂದು ಹೊತ್ತಿಗೆ ಒಂದೇ ಕಡೆಯ ಗಾಡಿಗಳನ್ನು ಬಿಡುತ್ತಿದ್ದರು. ಬಿಸಿಲು ಏರಿದ ಮೇಲೆ ಮೇಲಿನಿಂದ ಹಿಮ ಕುಸಿಯುವ ಭಯ ಜಾಸ್ತಿ, ಆದ್ದರಿಂದ ಬೇಗ ದಾಟಬೇಕು. ಬೇಗ ಹೋದರೆ ರಾತ್ರಿಯ ಐಸು ಇನ್ನೂ ಗಟ್ಟಿಯಾಗಿರುತ್ತದೆ. ಎರಡರ ನಡುವೆ ಸಿಗುವ ಹೊತ್ತು ಸ್ವಲ್ಪವೇ.

ಗೇಟು ತೆರೆಯಿತು. ನಾವೆಲ್ಲ ಎಂಜಿನ್ ಬಿಸಿ ಮಾಡಿಕೊಂಡು ಕಾಯುತ್ತಿದ್ದೆವು. ಉಸ್ತಾದರು ಬೆಲ್ಚಾ, ಅಂದರೆ ಸಲಿಕೆ, ಹೆಗಲಿಗೇರಿಸಿ ನಡೆದುಕೊಂಡು ಹೋದರು. ಮೊದಲ ತಿರುವು, ಅದರಾಚೆಯ ತಿರುವು, ನಮ್ಮ ಕಣ್ಣಿಗೆ ಕಾಣದಷ್ಟು ದೂರ. ಅಲ್ಲಲ್ಲಿ ಹಿಮ ಕೆದಕಿ ಕೆಳಗೆ ಏನಿದೆ ಅಂತ ನೋಡಿದ್ದರು. ತಿರುಗಿ ಬಂದು ಕಮಾಂಡರ್ ಸಾಹೇಬರಿಗೆ ಹೇಳಿದ್ದು ಇಷ್ಟೇ: ಮೇಲೆ ಹೊಸ ಹಿಮ, ಕೆಳಗೆ ಐಸು, ಇವತ್ತು ಬೇಡ. ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು, ಮೇಲಿನವರಿಗೆ ಉತ್ತರ ಕೊಡಬೇಕಾದವರು. ಆದರೂ ಒಪ್ಪಿದರು. ಎಂಜಿನ್ನುಗಳು ಆರಿದವು.

ಆ ದಿನ ರಸ್ತೆಯಲ್ಲಿ ಏನೂ ಆಗಲಿಲ್ಲ. ಮುಂದೆ ಹೋದ ಕೆಲವು ಸಿವಿಲ್ ಲಾರಿಗಳು ದಾಟಿಯೂ ಬಿಟ್ಟವು. ಸಂಜೆ ಊಟದ ಸಾಲಿನಲ್ಲಿ ಒಬ್ಬ ಹುಡುಗ "ನಾವೂ ಹೋಗಬಹುದಿತ್ತು" ಅಂದ. ಉಸ್ತಾದರು ಉತ್ತರ ಕೊಡಲಿಲ್ಲ. ನನಗೆ ಮಾತ್ರ ಅವರ ತೀರ್ಮಾನ ಸರಿ ಅನಿಸಿತ್ತು, ಈಗಲೂ ಅನಿಸುತ್ತದೆ. ಬೆಳಿಗ್ಗೆ ರಸ್ತೆ ಹೇಗಿತ್ತು ಎಂಬುದರ ಮೇಲೆ ಅವರು ತೀರ್ಮಾನ ಮಾಡಿದರು. ಸಂಜೆಗೆ ಯಾರು ದಾಟಿದರು ಎಂಬುದರಿಂದ ಬೆಳಗಿನ ಐಸು ಕರಗುವುದಿಲ್ಲ ಅಲ್ವಾ?

ಈಗ ಆ ರಸ್ತೆ ತುಂಬ ಬದಲಾಗಿದೆ. 2025ರ ಜನವರಿಯಲ್ಲಿ ಸೋನಾಮಾರ್ಗದ 6.5 ಕಿಲೋಮೀಟರ್ ಸುರಂಗ ತೆರೆಯಿತು. ನಮ್ಮ ಕಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿರುತ್ತಿದ್ದ ಜೋಜಿ ಲಾವನ್ನು ಅದೇ ವರ್ಷ ಗಡಿ ರಸ್ತೆ ಸಂಸ್ಥೆಯಾದ ಬಿಆರ್‌ಒದವರು 32 ದಿನಗಳಲ್ಲೇ ತೆರೆದರು. ಹಿಮ ಕಡಿಯುವ ಆ ಕೆಲಸಗಾರರ ಬಗ್ಗೆ ನನಗೆ ಬಹಳ ಗೌರವ. ಮನಾಲಿ ಕಡೆ 2020ರ ಅಕ್ಟೋಬರ್‌ನಿಂದ 9.02 ಕಿಲೋಮೀಟರಿನ ಅಟಲ್ ಸುರಂಗ ಇದೆ, ರೋಹ್ತಾಂಗ್ ಹತ್ತದೆ ಲಾಹೌಲ್ ತಲುಪಬಹುದು. ಆದರೆ ಸುರಂಗದ ಒಳಗೆ ಮಾತ್ರ ರಸ್ತೆ ಒಣಗಿರುತ್ತದೆ. ಎರಡೂ ಬಾಯಿಗಳ ಹೊರಗೆ ಅದೇ ಹಿಮ. 2024ರ ಡಿಸೆಂಬರ್ ಕೊನೆಯಲ್ಲಿ ಸೋಲಂಗ್ ಹತ್ತಿರ ಸಾವಿರಾರು ಪ್ರವಾಸಿಗರು ಗಾಡಿಗಳಲ್ಲಿ ಸಿಕ್ಕಿಬಿದ್ದಿದ್ದರು.

ಪಕ್ಕದ ಮನೆಯ ಹುಡುಗನೂ ಈ ಸಲ ಹೊರಟಿದ್ದಾನೆ. ಡೀಸೆಲ್ ಕಾರು. "ಮಾವ, ಒಮ್ಮೆ ನೋಡಿ ಹೇಳ್ತೀರಾ?" ಅಂತ ತಂದು ನಿಲ್ಲಿಸಿದ. ಬಾನೆಟ್ ತೆರೆದರೆ ರೇಡಿಯೇಟರಿನಲ್ಲಿ ಹೆಚ್ಚುಕಡಿಮೆ ಬರೀ ಬಾವಿ ನೀರು. ನಮ್ಮ ಸೆಕೆಗೆ ಕೂಲಂಟ್ ಕಡಿಮೆಯಾದಾಗಲೆಲ್ಲ ನೀರು ಸುರಿಯುವುದು ಇಲ್ಲಿನ ರೂಢಿ. ಆ ನೀರು ಮೈನಸ್‌ನಲ್ಲಿ ಹೆಪ್ಪುಗಟ್ಟಿದರೆ ಸುಮಾರು 9 ಶೇಕಡಾ ಹಿಗ್ಗುತ್ತದೆ, ಎಂಜಿನ್ ಬ್ಲಾಕ್ ಸೀಳುವಷ್ಟು ಬಲ ಅದಕ್ಕಿದೆ. ಪೂರ್ತಿ ಖಾಲಿ ಮಾಡಿ ಗ್ಲೈಕಾಲ್ ಕೂಲಂಟನ್ನು ಅರ್ಧಕ್ಕರ್ಧ ಬೆರೆಸಿ ಹಾಕಿಸಿದೆವು. ಅದು ಮೈನಸ್ 35ರ ಆಸುಪಾಸಿನವರೆಗೆ ತಡೆಯುತ್ತದೆ. ಗಾಜು ತೊಳೆಯುವ ನೀರಿನ ಡಬ್ಬಿಗೂ ಹೆಪ್ಪುಗಟ್ಟದ ದ್ರಾವಣವೇ ಬೇಕು.

ಡೀಸೆಲ್ ಬಗ್ಗೆ ಅವನಿಗೆ ಗೊತ್ತೇ ಇರಲಿಲ್ಲ. ಚಳಿಗೆ ಡೀಸೆಲಿನಲ್ಲಿರುವ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ನಾವು ಬೆಳಿಗ್ಗೆ ಟ್ಯಾಂಕಿನ ಕೆಳಗೆ ಬೆಂಕಿ ಹಿಡಿದು ಕರಗಿಸುತ್ತಿದ್ದೆವು. ಅದು ನೀವು ಮಾಡುವ ಕೆಲಸ ಅಲ್ಲ, ದಯವಿಟ್ಟು ಮಾಡಬೇಡಿ. 2019ರಲ್ಲಿ ಇಂಡಿಯನ್ ಆಯಿಲ್ ಲಡಾಖ್‌ಗೆ ಮೈನಸ್ 33ರವರೆಗೂ ಹರಿಯುವ ಡೀಸೆಲ್ ತಂದಿದೆ. ಕೆಳಗಿನ ಬಯಲಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಮೇಲೆ ಹೋಗಬೇಡಿ. ಮೇಲಿನ ಪಂಪಿನಲ್ಲಿ ಚಳಿಗಾಲದ ಡೀಸೆಲ್ ಇದೆಯಾ ಅಂತ ಕೇಳಿ ಹಾಕಿಸಿ.

ಚಳಿ ಏರಿದಂತೆ ಟಯರ್ ಗಾಳಿಯ ಒತ್ತಡ ಪ್ರತಿ 5–6 ಡಿಗ್ರಿಗೆ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಇಲ್ಲಿ 30 ಡಿಗ್ರಿಯಲ್ಲಿ ತುಂಬಿಸಿದ್ದು ಮೈನಸ್ 10ರಲ್ಲಿ ಏಳರಷ್ಟು ಕಡಿಮೆ ತೋರಿಸುತ್ತದೆ. ಅಲ್ಲಿ ಮತ್ತೆ ನೋಡಿಸಿ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಗಾಜಿನ ಮೇಲಿನ ಹಿಮಕ್ಕೆ ಬಿಸಿ ನೀರು ಹೊಯ್ಯಬೇಡಿ, ಒಡೆಯುತ್ತದೆ.

ಈಗ ಹೇಳುವುದನ್ನು ಎಲ್ಲರೂ ಗಮನವಿಟ್ಟು ಓದಿ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿಯಲ್ಲಿ ಹಿಮ ನೋಡಲು ಹೋದ 20ಕ್ಕೂ ಹೆಚ್ಚು ಜನ ರಸ್ತೆಯಲ್ಲೇ, ಕಾರಿನ ಒಳಗೇ ತೀರಿಕೊಂಡರು. ಪುಟ್ಟ ಮಕ್ಕಳೂ ಇದ್ದರು. ಕಾರು ಹಿಮದಲ್ಲಿ ಹೂತಾಗ ಸೈಲೆನ್ಸರಿನ ಬಾಯಿ ಮುಚ್ಚಿಹೋಗುತ್ತದೆ. ಹೀಟರಿಗೋಸ್ಕರ ಎಂಜಿನ್ ಓಡುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಒಳಗೆ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಬೆಚ್ಚಗೆ ನಿದ್ದೆ ಬಂದ ಹಾಗೆ ಆಗುತ್ತದೆ. ಸಿಕ್ಕಿಬಿದ್ದರೆ ಮೊದಲು ಇಳಿದು ಸೈಲೆನ್ಸರಿನ ಸುತ್ತ ಹಿಮ ತೆಗೆಯಿರಿ. ಗಂಟೆಗೆ ಸುಮಾರು ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಪ್ರತಿ ಸಲ ಮೊದಲು ಸೈಲೆನ್ಸರ್ ನೋಡಿ. ಗಾಳಿ ಬೀಸದ ಕಡೆಯ ಕಿಟಕಿ ಒಂದು ಬೆರಳಷ್ಟು ತೆರೆದಿಡಿ. ಎಲ್ಲರೂ ಒಟ್ಟಿಗೆ ಮಲಗಬೇಡಿ. ಕಾರು ಬಿಟ್ಟು ಕತ್ತಲಲ್ಲಿ ನಡೆದು ಹೋಗಬೇಡಿ. ರೂಮಿನಲ್ಲಿ ಕಿಟಕಿ ಮುಚ್ಚಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಿದರೂ ಇದೇ ಅಪಾಯ. ಒಂದು ಸಲಿಕೆ, ಕಂಬಳಿಗಳು, ಟಾರ್ಚು, ನೀರು, ಅವಲಕ್ಕಿ, ಬೆಲ್ಲ ಕಾರಿನಲ್ಲಿರಲಿ.

ಹಿಮ ಬಿದ್ದು ನಿಂತುಬಿಟ್ಟ ದಿನಗಳು ನಮಗೆ ಕ್ಯಾಂಪಿನಲ್ಲಿ ಬೇಕಾದಷ್ಟು ಸಿಗುತ್ತಿದ್ದವು. ಬೆಳಿಗ್ಗೆ ಲಾರಿಗಳ ಮೇಲಿನ ಹಿಮ ಇಳಿಸುವುದು, ಬ್ಯಾಟರಿ ಬಿಚ್ಚಿ ಒಳಗಿಡುವುದು, ಚೈನಿನ ಕೊಂಡಿ ನೋಡುವುದು, ಮಧ್ಯಾಹ್ನ ಮನೆಗೆ ಕಾಗದ. ಕೆಲಸ ಇದ್ದರೆ ಮನಸ್ಸು ರಸ್ತೆ ಕಡೆ ಎಳೆಯುವುದಿಲ್ಲ. ಪ್ರವಾಸಕ್ಕೆ ಹೋದವರಿಗೆ ಕಷ್ಟ ಆಗುವುದು ಇಲ್ಲೇ. ಸೋಮವಾರ ಆಫೀಸು, ಬುಕ್ ಮಾಡಿದ ಹೋಟೆಲು, ಮುಗಿಯುತ್ತಿರುವ ರಜೆ. ಆ ಅವಸರವೇ ಗಾಡಿಯನ್ನು ತಪ್ಪಾದ ಹೊತ್ತಿನಲ್ಲಿ ರಸ್ತೆಗೆ ಇಳಿಸುತ್ತದೆ. ಆದ್ದರಿಂದ ಲೆಕ್ಕ ಹಾಕುವಾಗಲೇ ಎರಡು ದಿನ ಖಾಲಿ ಇಟ್ಟುಕೊಳ್ಳಿ, ಆ ಎರಡು ದಿನಕ್ಕೆ ಯಾವ ಜಾಗವನ್ನೂ ಸೇರಿಸಬೇಡಿ.

ಮನಾಲಿಯಲ್ಲಿ ಪೊಲೀಸರು ತಡೆದರೆ ವಾದ ಮಾಡಬೇಡಿ. ಜೋರು ಹಿಮದ ದಿನಗಳಲ್ಲಿ ಫೋರ್ ಬೈ ಫೋರ್ ಅಥವಾ ಚೈನು ಹಾಕಿದ ಗಾಡಿಗಳನ್ನು ಮಾತ್ರ ಮುಂದೆ ಬಿಡುತ್ತಾರೆ. ನಿಮ್ಮ ಕಾರು ಅಲ್ಲೇ ಇರಲಿ. ಆ ಕಣಿವೆಯಲ್ಲೇ ಹುಟ್ಟಿ ಬೆಳೆದ ಡ್ರೈವರ್ ಇರುವ ಟ್ಯಾಕ್ಸಿ ಮಾಡಿಕೊಳ್ಳಿ, ಮುಂದಿನ ಸೀಟಿನಲ್ಲಿ ಕೂತು ಅವನ ಕಾಲು ಯಾವಾಗ ಏನು ಮಾಡುತ್ತದೆ ಅಂತ ನೋಡಿ. ಬಾಡಿಗೆ ಜಾಸ್ತಿ ಅನಿಸಬಹುದು. ಪಕ್ಕದ ಮನೆಯ ಹುಡುಗ ಇನ್ನೂ ಇದಕ್ಕೆ ಪೂರ್ತಿ ಒಪ್ಪಿಲ್ಲ, ನಾಳೆ ಸಂಜೆ ಮತ್ತೆ ಕರೆದು ಹೇಳುತ್ತೇನೆ.