ಡ್ರೈವರ್ ಫಂಕ್ಷನ್ ತಲೆಯ ಮೇಲೆ ಏನು ಬರೆಯಬೇಕು

ನೆಟ್‌ವರ್ಕ್ ಡ್ರೈವರ್ (ನೆಟ್‌ವರ್ಕ್ ಕಾರ್ಡನ್ನು ನಡೆಸುವ ಪ್ರೋಗ್ರಾಂ) ಕೋಡ್ ತೆರೆದರೆ ಇಂಥ ಕಾಮೆಂಟ್ ಬಹಳ ಕಡೆ ಸಿಗುತ್ತದೆ: "ಪ್ಯಾಕೆಟ್ ಕಳಿಸುವ ಫಂಕ್ಷನ್. ಎಸ್‌ಕೆಬಿ: ಕಳಿಸಬೇಕಾದ ಪ್ಯಾಕೆಟ್. ಡೆವ್: ನೆಟ್‌ವರ್ಕ್ ಡಿವೈಸ್." ಇಷ್ಟನ್ನು ಫಂಕ್ಷನ್ನಿನ ಹೆಸರೇ ಹೇಳಿಬಿಟ್ಟಿರುತ್ತದೆ. ಓದುವವರು ಹುಡುಕುವುದು ನಾಲ್ಕು ಸಂಗತಿ. ಇದನ್ನು ಯಾರು ಕರೆಯುತ್ತಾರೆ? ಆಗ ಯಾವ ಲಾಕ್ ಹಿಡಿದಿರುತ್ತದೆ? ಇಲ್ಲಿ ಸ್ಲೀಪ್ ಮಾಡಬಹುದೇ, ಅಂದರೆ ಸಿಪಿಯು ಬಿಟ್ಟುಕೊಟ್ಟು ಕಾಯಬಹುದೇ? ಕೈಗೆ ಬಂದ ಬಫರ್ ಫಂಕ್ಷನ್ ಮುಗಿದ ಮೇಲೆ ಯಾರದು? ಈ ಉತ್ತರಗಳು ಫಂಕ್ಷನ್ನಿನ ಒಳಗಿನ ಸಾಲುಗಳಲ್ಲಿ ಕಾಣುವುದಿಲ್ಲ, ಕರೆಯುವ ಕಡೆ ಅಡಗಿರುತ್ತವೆ. ಕಾಮೆಂಟ್ ಬರೆಯುವ ಶ್ರಮವೆಲ್ಲ ಇವುಗಳಿಗೇ ಹೋಗಬೇಕು. ಉದಾಹರಣೆಗಳಿಗೆ ಲಿನಕ್ಸ್ ಕರ್ನಲ್ ಇಟ್ಟುಕೊಳ್ಳುತ್ತೇನೆ.

ಮೊದಲು ಸ್ಟಾರ್ಟ್-ಎಕ್ಸ್‌ಮಿಟ್ ಕಾಲ್‌ಬ್ಯಾಕ್, ಅಂದರೆ ಪ್ಯಾಕೆಟ್ ಕಳಿಸಬೇಕಾದಾಗ ಕರ್ನಲ್ ಕರೆಯುವ ಡ್ರೈವರ್ ಫಂಕ್ಷನ್. ಟಿಎಕ್ಸ್ ಎಂದರೆ ಕಳಿಸುವ ಕಡೆ. ರಿಂಗ್ ಎಂದರೆ ಡಿಸ್ಕ್ರಿಪ್ಟರ್‌ಗಳ (ಬಫರ್ ಎಲ್ಲಿದೆ, ಎಷ್ಟು ಉದ್ದ ಎಂದು ಕಾರ್ಡ್‌ಗೆ ಹೇಳುವ ದಾಖಲೆಗಳ) ಸುತ್ತುಪಟ್ಟಿ. ಫ್ರ್ಯಾಗ್ ಎಂದರೆ ಪ್ಯಾಕೆಟ್ಟಿನ ತುಂಡು, ಡಿಎಂಎ ಎಂದರೆ ಕಾರ್ಡ್ ತಾನೇ ಮೆಮೊರಿಯನ್ನು ಓದಿ ಬರೆಯುವುದು. ಸ್ಪಿನ್‌ಲಾಕ್ ಎಂದರೆ ಸ್ಲೀಪ್ ಮಾಡದೆ ಹಿಡಿಯುವ ಲಾಕ್, ಬಾಟಮ್-ಹಾಫ್ ಎಂದರೆ ಇಂಟರಪ್ಟ್‌ನ ಉಳಿದ ಕೆಲಸ ಮಾಡುವ ಕೋಡ್, ನೆಟ್‌ಕನ್ಸೋಲ್ ಎಂದರೆ ಕರ್ನಲ್ ಲಾಗನ್ನು ನೆಟ್‌ವರ್ಕ್ ಮೇಲೆ ಕಳಿಸುವ ಸೌಲಭ್ಯ. "ಮೈನಿಕ್" ಎಂಬ ಕಲ್ಪಿತ ಡ್ರೈವರ್‌ಗೆ ಕರ್ನಲ್-ಡಾಕ್ (ಕಾಮೆಂಟ್‌ಗಳಿಂದ ದಾಖಲೆ ತಯಾರಿಸುವ ಸಾಧನ) ಶೈಲಿಯಲ್ಲಿ ಬರೆದರೆ ಹೀಗಿರುತ್ತದೆ:

/**
 * ಮೈನಿಕ್_ಎಕ್ಸ್‌ಮಿಟ್() - ಒಂದು ಎಸ್‌ಕೆಬಿಯನ್ನು ಟಿಎಕ್ಸ್ ರಿಂಗ್‌ಗೆ ಹಾಕುತ್ತದೆ
 * @ಎಸ್‌ಕೆಬಿ: ಕಳಿಸಬೇಕಾದ ಪ್ಯಾಕೆಟ್
 * @ಡೆವ್: ಓಪನ್ ಆಗಿರುವ ಡಿವೈಸ್
 *
 * ಹೆಡರ್ ಭಾಗಕ್ಕೆ ಒಂದು, ಪ್ರತಿ ಫ್ರ್ಯಾಗ್‌ಗೆ ಒಂದು ಡಿಸ್ಕ್ರಿಪ್ಟರ್ ಬಳಸುತ್ತದೆ.
 * ಡಿಎಂಎ ಮ್ಯಾಪಿಂಗ್ ಫೇಲ್ ಆದರೆ ಅದುವರೆಗೆ ಮಾಡಿದ ಮ್ಯಾಪಿಂಗ್ ಬಿಡಿಸಿ,
 * ಎಸ್‌ಕೆಬಿಯನ್ನು ಫ್ರೀ ಮಾಡಿ, ಟಿಎಕ್ಸ್ ಡ್ರಾಪ್ ಎಣಿಕೆ ಏರಿಸುತ್ತದೆ.
 *
 * ಕಾಂಟೆಕ್ಸ್ಟ್: ಈ ಕ್ಯೂನ ಟಿಎಕ್ಸ್ ಸ್ಪಿನ್‌ಲಾಕ್ ಹಿಡಿದಿರುತ್ತದೆ, ಬಾಟಮ್-ಹಾಫ್
 * ಆಫ್ ಇರುತ್ತದೆ. ನೆಟ್‌ಕನ್ಸೋಲ್ ಕರೆದಾಗ ಇಂಟರಪ್ಟ್ ಕೂಡ ಆಫ್.
 * ರಿಟರ್ನ್:
 * * ಟಿಎಕ್ಸ್ ಓಕೆ - ಎಸ್‌ಕೆಬಿ ಡ್ರೈವರ್‌ನದಾಯಿತು, ಡ್ರಾಪ್ ಆಗಿದ್ದರೂ ಇದೇ
 * * ಟಿಎಕ್ಸ್ ಬ್ಯುಸಿ - ಎಸ್‌ಕೆಬಿಯನ್ನು ಮುಟ್ಟಿಲ್ಲ, ಕರೆದವರದೇ
 */

ಇದರಲ್ಲಿ ಎರಡು ಸಾಲು ಚಿನ್ನದಂಥವು. ಒಂದು, ಡ್ರಾಪ್ ಆದರೂ ಓಕೆಯೇ ಎನ್ನುವುದು. ಇದು ಗೊತ್ತಿಲ್ಲದವರು ಎರರ್ ದಾರಿಯಲ್ಲಿ ಎಸ್‌ಕೆಬಿಯನ್ನು ಫ್ರೀ ಮಾಡಿ ಬ್ಯುಸಿ ಕೊಟ್ಟುಬಿಡುತ್ತಾರೆ. ಮೇಲಿನ ಪದರ ಅದೇ ಎಸ್‌ಕೆಬಿಯನ್ನು ಮತ್ತೆ ಕಳಿಸಲು ಹೋಗುತ್ತದೆ, ಫ್ರೀ ಆದ ಮೆಮೊರಿಯನ್ನು ಮುಟ್ಟುತ್ತದೆ. ಕ್ರ್ಯಾಶ್ ಆಗುವುದು ಇನ್ನೆಲ್ಲೋ, ಡ್ರೈವರ್ ಮೇಲೆ ಅನುಮಾನವೂ ಬರುವುದಿಲ್ಲ. ಇನ್ನೊಂದು, ನೆಟ್‌ಕನ್ಸೋಲ್ ಮಾತು. ಇಂಟರಪ್ಟ್ ಆಫ್ ಇರುವಾಗ ಸಾಮಾನ್ಯ ಕೆಫ್ರೀ-ಎಸ್‌ಕೆಬಿ ಕರೆಯುವಂತಿಲ್ಲ. ಯಾವ ಸ್ಥಿತಿಯಲ್ಲೂ ಕರೆಯಬಹುದಾದ ಡೆವ್-ಕೆಫ್ರೀ-ಎಸ್‌ಕೆಬಿ-ಎನಿ ಇಲ್ಲಿ ಏಕೆ ಇದೆ ಎಂಬುದಕ್ಕೆ ಆ ಒಂದು ಸಾಲೇ ಉತ್ತರ. ಅದಿಲ್ಲದಿದ್ದರೆ "ಶುಚಿಗೊಳಿಸುವ" ಪ್ಯಾಚ್ ತಂದು ಯಾರಾದರೂ ಬದಲಿಸಿಬಿಡುತ್ತಾರೆ.

ರಿಂಗ್ ತುಂಬಿದಾಗ ಕ್ಯೂ ನಿಲ್ಲಿಸುವ ಜಾಗಕ್ಕೆ ಪ್ರತ್ಯೇಕ ಕಾಮೆಂಟ್ ಬೇಕೇ ಬೇಕು. ಜಾಗವಿಲ್ಲ ಎಂದು ನೋಡಿ ಕ್ಯೂ ನಿಲ್ಲಿಸುವಷ್ಟರಲ್ಲಿ ಇನ್ನೊಂದು ಸಿಪಿಯುನಲ್ಲಿ, ಕಳಿಸಿ ಮುಗಿದ ಪ್ಯಾಕೆಟ್‌ಗಳನ್ನು ತೆರವು ಮಾಡುವ ಕಂಪ್ಲೀಷನ್ ಕೋಡ್ ಓಡಿ ಇಡೀ ರಿಂಗ್ ಖಾಲಿ ಮಾಡಿರಬಹುದು. ಅದು ನೋಡಿದಾಗ ಕ್ಯೂ ಇನ್ನೂ ನಿಂತಿರಲಿಲ್ಲ, ಹಾಗಾಗಿ ಎಬ್ಬಿಸಲಿಲ್ಲ. ಈಗ ನಿಂತ ಕ್ಯೂವನ್ನು ಎಬ್ಬಿಸುವವರೇ ಇಲ್ಲ. ಆದ್ದರಿಂದ ನಿಲ್ಲಿಸಿದ ಮೇಲೆ ಪೂರ್ಣ ಮೆಮೊರಿ ಬ್ಯಾರಿಯರ್ (ಮೆಮೊರಿ ಓದು-ಬರಹದ ಕ್ರಮ ಅದಲುಬದಲಾಗದಂತೆ ತಡೆಯುವ ಸೂಚನೆ) ಹಾಕಿ ಜಾಗವನ್ನು ಮತ್ತೊಮ್ಮೆ ನೋಡುವುದು. ಈ ಎರಡನೆಯ ನೋಟ ಓದುವವರಿಗೆ ದಂಡದ ಕೆಲಸದಂತೆ ಕಾಣುತ್ತದೆ. ಕಿತ್ತು ಹಾಕಿದರೆ ಟೆಸ್ಟ್‌ಗಳೆಲ್ಲ ಪಾಸಾಗುತ್ತವೆ, ಯಾವತ್ತೋ ಒಂದು ದಿನ ಟ್ರಾನ್ಸ್‌ಮಿಟ್ ವಾಚ್‌ಡಾಗ್ (ಕ್ಯೂ ಬಹಳ ಹೊತ್ತು ನಿಂತಿದೆಯೇ ಎಂದು ನೋಡುವ ಟೈಮರ್) ಕೂಗುತ್ತದೆ. ಡ್ರೈವರ್ ಬೇರೆ ಅವಧಿ ಹೇಳದಿದ್ದರೆ ಆ ವಾಚ್‌ಡಾಗ್‌ನ ಗಡುವು 5 ಸೆಕೆಂಡು. ಬ್ಯಾರಿಯರ್ ಪಕ್ಕದ ಕಾಮೆಂಟ್ ತನ್ನ ಜೋಡಿ ಬ್ಯಾರಿಯರ್ ಯಾವ ಫಂಕ್ಷನ್ನಿನಲ್ಲಿದೆ ಎಂದು ಹೆಸರಿಸಬೇಕು. ಬ್ಯಾರಿಯರ್ ಯಾವತ್ತೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಪಕ್ಕದಲ್ಲಿ ಕಾಮೆಂಟೇ ಇಲ್ಲದಿದ್ದರೆ ಪ್ಯಾಚ್‌ಗಳ ಶೈಲಿ ಪರಿಶೀಲಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಕೂಡ ಎಚ್ಚರಿಸುತ್ತದೆ.

"ಎಷ್ಟು ಜಾಗ ಉಳಿದರೆ ನಿಲ್ಲಿಸಬೇಕು" ಎಂಬ ಸಂಖ್ಯೆಗೂ ಕಾರಣ ಬರೆಯಿರಿ. ಒಂದು ಎಸ್‌ಕೆಬಿಯಲ್ಲಿ ಫ್ರ್ಯಾಗ್‌ಗಳ ಮಿತಿ ಸಾಮಾನ್ಯ ಕಾನ್ಫಿಗರೇಷನ್ನಿನಲ್ಲಿ 17. ಹೆಡರ್ ಸೇರಿ 18 ಡಿಸ್ಕ್ರಿಪ್ಟರ್, ಆಫ್‌ಲೋಡ್ ಮಾಹಿತಿಗೆ ಹಾರ್ಡ್‌ವೇರ್ ಇನ್ನೊಂದು ಕೇಳಿದರೆ 19. ಬರಿದೇ 19 ಎಂದು ಬರೆದಿದ್ದರೆ ಮುಂದೆ ಮಿತಿ ಬದಲಾದಾಗ ಅದು ಎಲ್ಲಿಂದ ಬಂತೆಂದು ಯಾರಿಗೂ ತಿಳಿಯುವುದಿಲ್ಲ.

ನ್ಯಾಪಿ (ಪ್ರತಿ ಪ್ಯಾಕೆಟ್‌ಗೂ ಇಂಟರಪ್ಟ್ ಇಲ್ಲದೆ ಗುಂಪಾಗಿ ಎತ್ತುವ ವ್ಯವಸ್ಥೆ) ಪೋಲ್ ಫಂಕ್ಷನ್ನಿಗೆ ಬಂದರೆ ಎಲ್ಲವೂ ಬಜೆಟ್, ಅಂದರೆ ಒಂದು ಸುತ್ತಿನಲ್ಲಿ ಎತ್ತಬಹುದಾದ ಪ್ಯಾಕೆಟ್‌ಗಳ ಮಿತಿಯ ಸುತ್ತ ಸುತ್ತುತ್ತದೆ. ಸಾಮಾನ್ಯವಾಗಿ ಅದು 64. ಬಜೆಟ್ ಪೂರ್ತಿ ಖರ್ಚಾದರೆ, ಕೆಲಸ ಅಲ್ಲಿಗೇ ಸರಿಯಾಗಿ ಮುಗಿದಿದ್ದರೂ, ಸುತ್ತು ಮುಗಿಯಿತೆಂದು ಹೇಳುವ ನ್ಯಾಪಿ-ಕಂಪ್ಲೀಟ್-ಡನ್ ಕರೆಯದೆ ಬಜೆಟ್ಟನ್ನೇ ವಾಪಸ್ ಕೊಡಬೇಕು. ಬಜೆಟ್ 0 ಆಗಿಯೂ ಬರಬಹುದು. ಅದು ನೆಟ್‌ಪೋಲ್ (ನೆಟ್‌ಕನ್ಸೋಲ್ ಬಳಸುವ ದಾರಿ) ಕರೆ, ಟಿಎಕ್ಸ್ ಕಂಪ್ಲೀಷನ್ ಮಾತ್ರ ನೋಡಬೇಕು, ಆರ್‌ಎಕ್ಸ್, ಅಂದರೆ ಬರುವ ಕಡೆ, ಮುಟ್ಟಬಾರದು. ನ್ಯಾಪಿ-ಕಂಪ್ಲೀಟ್-ಡನ್ ಸುಳ್ಳು ಎಂದು ಉತ್ತರ ಕೊಟ್ಟರೆ ಇಂಟರಪ್ಟನ್ನು ಮತ್ತೆ ಆನ್ ಮಾಡಬಾರದು. ಮೂರನ್ನೂ ಕಾಮೆಂಟಿನಲ್ಲಿ ಹಾಕಿ, ಸಾಕು.

ಅತಿ ಹೆಚ್ಚು ಕಾಡುವುದು ಎರಡು ಫಂಕ್ಷನ್‌ಗಳ ನಡುವಿನ ಕರಾರು. ವಾಚ್‌ಡಾಗ್ ಕೂಗಿದಾಗ ಬರುವ ಟಿಎಕ್ಸ್-ಟೈಮ್‌ಔಟ್ ಕಾಲ್‌ಬ್ಯಾಕ್ ಸ್ಪಿನ್‌ಲಾಕ್ ಒಳಗೆ ಬರುತ್ತದೆ, ಅಲ್ಲಿ ಕಾರ್ಡ್ ರೀಸೆಟ್ ಮಾಡಲಾಗದು, ಹಾಗಾಗಿ ಡ್ರೈವರ್ ಅದನ್ನು ವರ್ಕ್‌ಕ್ಯೂಗೆ (ಸ್ಲೀಪ್ ಮಾಡಬಹುದಾದ ಕಡೆ ಆಮೇಲೆ ಓಡುವ ಕೆಲಸಗಳ ಸಾಲಿಗೆ) ದಾಟಿಸುತ್ತದೆ. ಆ ವರ್ಕ್ ಆರ್‌ಟಿಎನ್‌ಎಲ್ ಲಾಕ್ (ನೆಟ್‌ವರ್ಕ್ ಸೆಟ್ಟಿಂಗ್ ಬದಲಾವಣೆಗಳನ್ನು ಕಾಯುವ ಲಾಕ್) ಹಿಡಿದು ರೀಸೆಟ್ ಮಾಡುತ್ತದೆ. ಇತ್ತ ಡಿವೈಸ್ ಮುಚ್ಚುವ ಸ್ಟಾಪ್ ಕಾಲ್‌ಬ್ಯಾಕ್ ಬರುವಾಗ ಆರ್‌ಟಿಎನ್‌ಎಲ್ ಮೊದಲೇ ಹಿಡಿದಿರುತ್ತದೆ. ಸ್ಟಾಪ್ ಒಳಗೆ ಆ ವರ್ಕ್ ಮುಗಿಯಲೆಂದು ಕಾಯುವ ಕ್ಯಾನ್ಸಲ್-ವರ್ಕ್-ಸಿಂಕ್ ಕರೆದರೆ ವರ್ಕ್ ಲಾಕ್‌ಗಾಗಿ, ಸ್ಟಾಪ್ ವರ್ಕ್‌ಗಾಗಿ, ಇಬ್ಬರೂ ಕಾಯುತ್ತ ನಿಲ್ಲುತ್ತಾರೆ. ಆಮೇಲೆ ನೆಟ್‌ವರ್ಕ್ ಸೆಟ್ಟಿಂಗ್ ಬದಲಿಸಹೊರಟ ಪ್ರತಿಯೊಂದೂ ಅದೇ ಲಾಕ್‌ಗೆ ಸಾಲು ನಿಲ್ಲುತ್ತದೆ. ಒಂದೊಂದೇ ಫಂಕ್ಷನ್ ಓದಿದರೆ ಎರಡೂ ಸರಿ. ಆದ್ದರಿಂದ ರೀಸೆಟ್ ವರ್ಕ್ ತಲೆಯ ಮೇಲೆ "ಆರ್‌ಟಿಎನ್‌ಎಲ್ ಹಿಡಿಯುತ್ತದೆ, ಸ್ಟಾಪ್‌ನಿಂದ ಇದಕ್ಕಾಗಿ ಕಾಯಬೇಡಿ, ಡಿವೈಸ್ ಓಡುತ್ತಿಲ್ಲವಾದರೆ ಏನೂ ಮಾಡದೆ ಮರಳುತ್ತದೆ, ಅನ್‌ರಿಜಿಸ್ಟರ್ ಆದ ಮೇಲೆ ರಿಮೂವ್‌ನಲ್ಲಿ ಕ್ಯಾನ್ಸಲ್ ಆಗುತ್ತದೆ" ಎಂದಿರಬೇಕು. ಸ್ಟಾಪ್ ತಲೆಯ ಮೇಲೂ ಅದರ ಕಡೆ ಬೊಟ್ಟು ಮಾಡುವ ಒಂದು ಸಾಲು. ಎರಡು ಕಡೆ ಬರೆಯುವುದು ಪುನರುಕ್ತಿ ಎಂದು ಹಿಂಜರಿಯಬೇಡಿ, ಓದುವವರು ಯಾವ ಬಾಗಿಲಿನಿಂದ ಬರುತ್ತಾರೋ ಹೇಳಲಾಗದು.

ಡಿಸ್ಕ್ರಿಪ್ಟರ್ ತುಂಬುವ ಫಂಕ್ಷನ್ನಿನಲ್ಲಿ ಕ್ರಮವೇ ವಿಷಯ: ವಿಳಾಸ, ಉದ್ದ ಬರೆದು, ಡಿಎಂಎ ರೈಟ್ ಬ್ಯಾರಿಯರ್ ಹಾಕಿ, ಕೊನೆಗೆ ಓನ್ ಬಿಟ್ (ಡಿಸ್ಕ್ರಿಪ್ಟರ್ ಈಗ ಕಾರ್ಡಿನದು ಎನ್ನುವ ಗುರುತು). ಮೊದಲೇ ಬಿಟ್ ಕಂಡರೆ ಕಾರ್ಡ್ ಅರ್ಧ ತುಂಬಿದ ಡಿಸ್ಕ್ರಿಪ್ಟರ್ ಎತ್ತಿಕೊಳ್ಳುತ್ತದೆ. ಅನ್‌ಮ್ಯಾಪ್ ಮಾಡುವಾಗ ಮ್ಯಾಪ್ ಮಾಡಿದ ಅದೇ ಉದ್ದ, ಅದೇ ದಿಕ್ಕು ಕೊಡಬೇಕು, ಆದ್ದರಿಂದ ಅವನ್ನು ಯಾವ ಸ್ಟ್ರಕ್ಟ್ ಫೀಲ್ಡ್‌ನಲ್ಲಿ ಉಳಿಸಿದ್ದೀರಿ ಎಂದು ಹೇಳಿ. ಡಿಎಂಎ ವಿಳಾಸ 0 ಕೂಡ ಸರಿಯಾದ ವಿಳಾಸವೇ ಆಗಿರಬಹುದು. ಫೇಲ್ ಆಯಿತೇ ಎಂದು ಡಿಎಂಎ-ಮ್ಯಾಪಿಂಗ್-ಎರರ್ ಕೇಳಿಯೇ ತಿಳಿಯಬೇಕು.

ರಿಜಿಸ್ಟರ್ ಓದುವ ಸಹಾಯಕ ಫಂಕ್ಷನ್‌ಗಳಿಗೆ ಕಾಯುವ ಅವಧಿಯ ಘಟಕ ಮೈಕ್ರೋಸೆಕೆಂಡೋ ಮಿಲಿಸೆಕೆಂಡೋ ಸ್ಪಷ್ಟವಿರಲಿ. ಪಿಸಿಐ ಕಾರ್ಡ್ ಕಿತ್ತುಹೋದರೆ 32 ಬಿಟ್‌ಗಳೂ 1 ಆಗಿ ಬರುತ್ತವೆ, ಅದನ್ನು ಫಂಕ್ಷನ್ ಹೇಗೆ ನೋಡುತ್ತದೆ ಎಂಬುದೂ ಇರಲಿ.

ಬರೆದ ಮೇಲೆ ಯಂತ್ರಕ್ಕೂ ಓದಿಸಿ. ಬಿಲ್ಡ್ ಮಾಡುವಾಗ ಡಬ್ಲ್ಯೂ=1 ಕೊಟ್ಟರೆ, ಆರ್ಗ್ಯುಮೆಂಟ್ ಹೆಸರು ಬದಲಾಗಿ ಕಾಮೆಂಟ್ ಹಳೆಯದೇ ಉಳಿದ ಜಾಗಗಳನ್ನು ಕರ್ನಲ್-ಡಾಕ್ ಹಿಡಿದು ಕೊಡುತ್ತದೆ. /** ಎಂದು ಶುರುವಾದದ್ದನ್ನೆಲ್ಲ ಅದು ತನ್ನದೆಂದು ಓದುತ್ತದೆ. ಮಾಮೂಲಿ ಕಾಮೆಂಟಿಗೆ ಒಂದೇ ನಕ್ಷತ್ರ ಇಡಿ. ರಿಟರ್ನ್ ಭಾಗದಲ್ಲಿ ಸಾಲು ಮುರಿದು ಬರೆದರೂ ಔಟ್‌ಪುಟ್‌ನಲ್ಲಿ ಎಲ್ಲ ಒಂದೇ ಸಾಲಿಗೆ ಅಂಟಿಕೊಳ್ಳುತ್ತದೆ. ಮೇಲಿನ ಉದಾಹರಣೆಯಲ್ಲಿ ಎರಡನೆಯ ನಕ್ಷತ್ರ ಇಟ್ಟು ಪಟ್ಟಿ ಮಾಡಿರುವುದು ಅದಕ್ಕೇ.

ಇನ್ನು ಲಾಕ್ ಬಗ್ಗೆ ಬರೆದ ಮಾತನ್ನು ಕೋಡ್‌ನಲ್ಲೂ ಹೇಳಲು ಸಾಧ್ಯವಿದ್ದರೆ ಹೇಳಿಬಿಡಿ. "ಲಾಕ್ ಹಿಡಿದು ಕರೆಯಿರಿ" ಎಂಬ ಸಾಲಿನ ಕೆಳಗೇ ಲಾಕ್‌ಡೆಪ್-ಅಸರ್ಟ್-ಹೆಲ್ಡ್, ಆರ್‌ಟಿಎನ್‌ಎಲ್‌ಗೆ ಅಸರ್ಟ್-ಆರ್‌ಟಿಎನ್‌ಎಲ್, ಸ್ಲೀಪ್ ಆಗಬಹುದಾದ ಕಡೆ ಮೈಟ್-ಸ್ಲೀಪ್. ಕಾಮೆಂಟ್ ಮತ್ತು ಕೋಡ್ ಬೇರೆ ಬೇರೆ ದಾರಿ ಹಿಡಿದ ದಿನ ಡೀಬಗ್ ಕರ್ನಲ್ ಲಾಗ್‌ನಲ್ಲಿ ಸ್ಟ್ಯಾಕ್ ಟ್ರೇಸ್ ಸಮೇತ ಬಿದ್ದಿರುತ್ತದೆ.