ಬಿಟ್ಟುಹೋದವರು: 1

19 ನವೆಂಬರ್ 2024, ಮಂಗಳವಾರ

ರಾತ್ರಿ ಹನ್ನೊಂದೂವರೆ. ಎರಡೂ ತೋಳು ನೋಯುತ್ತಿವೆ. ಚಾದರ ಮಡಚಿದರೆ ತೋಳು ನೋಯುತ್ತದೆ ಅಂತ ಇವತ್ತೇ ಗೊತ್ತಾಗಿದ್ದು.

ಅಕ್ಕನ ಲಾಂಡ್ರಿಗೆ ಹೋಗಿದ್ದು ಮಡಚೋದಕ್ಕಲ್ಲ, ಫಾರಂ ತುಂಬೋದಕ್ಕೆ. ಉದ್ಯಮ ಶುರುಮಾಡಲು ಸರ್ಕಾರ ಕೊಡುವ ಸೀಡ್ ಫಂಡ್ ಮೂರನೇ ವರ್ಷಕ್ಕೆ ಮುಗಿಯುತ್ತಿದೆ. ಕೊನೆಯ ಕಂತು ಬರಬೇಕಾದರೆ ವರದಿ ಹೋಗಬೇಕು. ಎಷ್ಟು ಜನಕ್ಕೆ ಕೆಲಸ ಕೊಟ್ಟಿರಿ, ಅವರಲ್ಲಿ ಅಂಗವಿಕಲರೆಷ್ಟು, ಜೈಲಿಂದ ಬಂದವರೆಷ್ಟು, ಮಷಿನ್ ಬಿಲ್ಲುಗಳೆಲ್ಲಿ. ಅಕ್ಕನಿಗೆ ಲೆಕ್ಕ ಬರುತ್ತೆ, ಫಾರಂ ಬರಲ್ಲ. ನನಗೆ ಉಲ್ಟಾ. ಹಾಗಾಗಿ ಮೂರು ವರ್ಷದಿಂದ ಈ ಕೆಲಸ ನನ್ನ ತಲೆಗೇ.

'ಉದ್ಯಮವು ಸ್ವಾವಲಂಬಿಯಾದ ದಿನಾಂಕ' ಅಂತ ಒಂದು ಕಾಲಂ. "ಮುಂದಿನ ಮಂಗಳವಾರ ಅಂತ ಬರಿ" ಅಂದಳು ಅಕ್ಕ. ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಅದರ ಕೆಳಗೆ ಇನ್ನೆರಡು ಕಾಲಂ. 'ಹೊರಗೆ ಉದ್ಯೋಗ ಪಡೆದವರು.' 'ಮಧ್ಯದಲ್ಲಿ ಬಿಟ್ಟುಹೋದವರು.' ಎರಡನೇ ಟೇಬಲ್‌ನಲ್ಲಿದ್ದ ಹೆಂಗಸು ಹೋದ ತಿಂಗಳು ಬಿಟ್ಟರಲ್ಲ, ಅವರನ್ನು ಯಾವುದಕ್ಕೆ ಹಾಕೋದು ಅಂತ ನಾನು ಕೇಳಲೇ ಇಲ್ಲ. ನೇರವಾಗಿ ಮೇಲಿನ ಕಾಲಂನಲ್ಲಿ 1 ಅಂತ ಬರೆದೆ. ಖುಷಿಯಿಂದಲೇ ಬರೆದೆ. ಅಷ್ಟು ದೊಡ್ಡ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿದೆ, ಸಂಬಳ ಜಾಸ್ತಿ.

"ಹೊಡೆದುಹಾಕು ಅದನ್ನ" ಅಂದಳು ಅಕ್ಕ. "ಕೆಳಗೆ ಬರಿ."

"ಅವರೇನು ಓಡಿಹೋದ್ರಾ? ಕೆಲಸ ಸಿಕ್ಕಿ ಹೋದ್ರು."

"ಪಕ್ಕದ ಖಾನೆ ನೋಡು. ಹೊಸ ಮಾಲೀಕರ ಹೆಸರು, ಫೋನ್ ನಂಬರ್. ಅವರ ಹತ್ರ ಒಂದು ಪತ್ರ ಬೇರೆ."

"ಕೇಳಿ ತಂದರಾಯ್ತು."

"ಏನಂತ ಕೇಳ್ತೀಯೇ? ಜೈಲಿಂದ ಬಂದವರ ಲೆಕ್ಕದಲ್ಲಿ ಇವರು ನಮ್ಮಲ್ಲಿದ್ದರು, ಈಗ ನೀವು ಕೆಲಸ ಕೊಟ್ಟಿದ್ದೀರಿ, ಅದಕ್ಕೊಂದು ಪತ್ರ ಕೊಡಿ ಅಂತಾನಾ? ಅಲ್ಲಿ ಯಾರೂ ಕೇಳಿಲ್ಲ. ಇವರೂ ಹೇಳಿಲ್ಲ. ಈಗ ನಾನು ಹೇಳಲಾ?"

ನಾನು ಪೆನ್ನು ಹಿಡಿದುಕೊಂಡು ಸುಮ್ನೆ ಕೂತೆ. ಹೋದ ವರ್ಷದ ವರದಿ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ್ದರು, 'ಬಿಟ್ಟುಹೋಗುವವರ ಸಂಖ್ಯೆ ಕಡಿಮೆ ಮಾಡಿಕೊಳ್ಳತಕ್ಕದ್ದು' ಅಂತ. ಈ ಮೂರು ವರ್ಷದ ದುಡ್ಡಿನಲ್ಲಿ ಆದ ಅತಿ ಒಳ್ಳೆಯ ಕೆಲಸ ಯಾವುದು ಅಂತ ಕೇಳಿದರೆ ನಾನು ಆ ಹೆಂಗಸನ್ನೇ ತೋರಿಸುತ್ತೇನೆ. ಅವರೇ ಈಗ ನಮ್ಮ ತಪ್ಪಿನ ಲೆಕ್ಕಕ್ಕೆ.

ಕೆಳಗೆ 1 ಬರೆದೆ. ಮೇಲಿನದನ್ನು ಎಷ್ಟು ಗೀಚಿದೆ ಅಂದರೆ ಹಾಳೆ ತೂತಾಯಿತು.

ಈ ಕಾಲಂಗಳ ಜಗಳ ಹಳೇದು. ಇಟಲಿಯ ಟ್ರಿಯೆಸ್ಟೆ ಊರಿನ ಮಾನಸಿಕ ಆಸ್ಪತ್ರೆಯ ಬಗ್ಗೆ ಓದಿದ್ದೆ. ರೋಗಿಗಳು ವಾರ್ಡ್ ಗುಡಿಸುತ್ತಿದ್ದರು, ಒರೆಸುತ್ತಿದ್ದರು. ಅದಕ್ಕೆ 'ಚಿಕಿತ್ಸೆ' ಅಂತ ಹೆಸರು, ಆದ್ದರಿಂದ ಕೂಲಿ ಇಲ್ಲ. 1971ರಲ್ಲಿ ಮನೋವೈದ್ಯ ಫ್ರಾಂಕೋ ಬಸಾಲಿಯಾ ಅಲ್ಲಿಗೆ ಡೈರೆಕ್ಟರ್ ಆಗಿ ಬಂದ ಸ್ವಲ್ಪ ಸಮಯಕ್ಕೆ ಆ ರೋಗಿಗಳದ್ದೇ ಒಂದು ಸಹಕಾರ ಸಂಘ ಆಯಿತು. ಅದೇ ಕೆಲಸ. ಈಗ ಗುತ್ತಿಗೆ, ಸಂಬಳ. ಪೊರಕೆ ಬದಲಾಗಲಿಲ್ಲ, ಬರೆಯುವ ಕಾಲಂ ಬದಲಾಯಿತು ಅಷ್ಟೇ.

ಆಮೇಲೆ 1991ರಲ್ಲಿ ಅಲ್ಲಿ 381ನೇ ಕಾನೂನು ಬಂತು. ಇಂಥ ಸಹಕಾರ ಸಂಘದಲ್ಲಿ ಕನಿಷ್ಠ 30 ಪರ್ಸೆಂಟ್ ಜನ ಹಿಂದುಳಿದ ಸ್ಥಿತಿಯವರು ಇರಬೇಕು. ಅಂಗವಿಕಲರು, ಮಾನಸಿಕ ಕಾಯಿಲೆಯವರು, ಚಟದಿಂದ ಹೊರಬರುತ್ತಿರುವವರು, ಜೈಲಿನ ಬದಲು ಹೊರಗೆ ಶಿಕ್ಷೆ ಕಳೆಯುವವರು. ಅವರ ಸಾಮಾಜಿಕ ಭದ್ರತೆಗೆ, ಅಂದರೆ ಪಿಂಚಣಿ, ವಿಮೆ ಥರದ್ದಕ್ಕೆ, ಸಂಘ ಕಟ್ಟಬೇಕಾದ ವಂತಿಗೆ ಸೊನ್ನೆ. ಸ್ಥಿತಿಗೆ ಸರ್ಕಾರಿ ದಾಖಲೆ ಬೇಕು, ಆದರೆ ಆ ವ್ಯಕ್ತಿಯ ಗುಟ್ಟಿನ ಹಕ್ಕಿಗೆ ಧಕ್ಕೆ ಆಗಬಾರದು ಅಂತ ಅದೇ ಸಾಲಿನಲ್ಲಿ ಸೇರಿಸಿದ್ದಾರೆ. ಯಾರೋ ಒಬ್ಬರು ನಮ್ಮಕ್ಕನಂಥವರು ಆ ಕಾನೂನು ಬರೆದ ಕೋಣೆಯಲ್ಲಿ ಕೂತಿದ್ದಿರಬೇಕು.

ಹಾಂಕಾಂಗ್‌ನದ್ದು ನಮ್ಮ ಥರದ್ದೇ ದಾರಿ. 2001ರಲ್ಲಿ ಅಂಗವಿಕಲರಿಗೆ ಕೆಲಸ ಕೊಡುವ ಸಣ್ಣ ಉದ್ಯಮಗಳಿಗೆ ಅಂತ 5 ಕೋಟಿ ಹಾಂಕಾಂಗ್ ಡಾಲರ್ ತೆಗೆದಿಟ್ಟರು. 2006ರಲ್ಲಿ ಇನ್ನೊಂದು ಯೋಜನೆ ತಂದರು, ಒಂದೊಂದು ಉದ್ಯಮಕ್ಕೆ 30 ಲಕ್ಷದವರೆಗೆ. ಶುರುವಿನ ಕೆಲವು ವರ್ಷ ಕೈ ಹಿಡಿಯೋದು, ಆಮೇಲೆ ನೀವೇ ನಡೀರಿ ಅನ್ನೋದು.

ಬೈಯೋದು ಸುಲಭ, ನನಗೂ ಗೊತ್ತು. ಈ ಫಂಡ್ ಇಲ್ಲದಿದ್ದರೆ ಅಕ್ಕನಿಗೆ ಡ್ರೈಯರ್ ಕೊಳ್ಳಲು ಯಾವ ಬ್ಯಾಂಕೂ ಸಾಲ ಕೊಡುತ್ತಿರಲಿಲ್ಲ. ಡ್ರೈಯರ್ ಒಂದು ಸಲದ ಖರ್ಚು, ಸರಿ. ಕಲಿಸೋದು ಒಂದು ಸಲದ ಖರ್ಚಲ್ಲ. ಫಾರಂನಲ್ಲಿ ತರಬೇತಿ ಖರ್ಚು ಅನ್ನೋದು ಮೊದಲನೇ ವರ್ಷದಲ್ಲಿ ಮಾತ್ರ ಇದೆ. ಕಲಿತವರು ಹೋಗಬೇಕು, ಅದಕ್ಕೇ ಅಲ್ವಾ ಇದೆಲ್ಲ? ಹೋದ ಜಾಗಕ್ಕೆ ಬರುವವರು ಮತ್ತೆ ಮೊದಲಿಂದ. ಹಾಗಾದರೆ ಪ್ರತಿ ವರ್ಷವೂ ಯಾರಿಗೋ ಒಬ್ಬರಿಗೆ ಮೊದಲನೇ ವರ್ಷವೇ.

ಇದನ್ನೆಲ್ಲ ಅಕ್ಕನಿಗೆ ಹೇಳಲು ಹೊರಟೆ. "ಭಾಷಣ ಆಮೇಲೆ, ಇಲ್ಲಿ ಬಾ" ಅಂದಳು.

ಟೇಬಲ್ ಹತ್ತಿರ ಪುಟ್ಟ ನಿಂತಿದ್ದ, ಅಲ್ಲೇ ಕೆಲಸ ಮಾಡುವವನು. ಎದುರಿಗೆ ಚಾದರದ ರಾಶಿ. ಡಬಲ್ ಚಾದರ ಮಡಚಲು ಇಬ್ಬರು ಬೇಕು. ಅವನ ಜೋಡಿ ಎರಡನೇ ಟೇಬಲ್‌ನವರು. ಮೂಲೆಗೆ ಮೂಲೆ ಕೂಡಿಸೋದನ್ನು ಅವನಿಗೆ ಕಲಿಸಿದ್ದು ಅವರೇ, ಎಂಟು ತಿಂಗಳು ಹಿಡಿಯಿತು. ಈಗ ಬೇರೆ ಯಾರು ಹಿಡಿದರೂ ಅವನು ಕೈ ಬಿಟ್ಟುಬಿಡುತ್ತಾನೆ. ಚಾದರ ನೆಲಕ್ಕೆ ಬೀಳುತ್ತೆ, ಮತ್ತೆ ಒಗೆಯೋದಕ್ಕೆ.

ನಾನು ಆ ತುದಿ ಹಿಡಿದೆ. ಅವನು ನನ್ನ ಮುಖ ನೋಡಲಿಲ್ಲ, ಬೆರಳು ನೋಡಿದ. ತಲೆ ಅಲ್ಲಾಡಿಸಿದ. ಹತ್ತಿರ ಬಂದು ನನ್ನ ಹೆಬ್ಬೆರಳನ್ನು ಹೊಲಿಗೆಯ ಒಳಗೆ ತೂರಿಸಿ ಇಟ್ಟ. "ಆಂಟಿ ಹಿಂಗೆ" ಅಂದ. ವಾಪಸ್ ಹೋಗಿ ತನ್ನ ತುದಿ ಹಿಡಿದು ಕಾದ. ಮೊದಲನೇದು ಸೊಟ್ಟ. ಎರಡನೇದೂ ಸೊಟ್ಟ. ಆರನೇದು ಕೂಡಿತು. ಕೂಡಿದಾಗ ಅವನು ಏನೂ ಹೇಳಲಿಲ್ಲ, ಅಂಗೈಯಿಂದ ಒಂದು ಸಲ ತಟ್ಟಿ ರಾಶಿ ಮೇಲಿಟ್ಟ. ನಲವತ್ತೆರಡು ಮಡಚಿದೆವು.

ಫಾರಂ ಬ್ಯಾಗಿನಲ್ಲೇ ಇದೆ. ದಿನಾಂಕದ ಕಾಲಂ ಇನ್ನೂ ಖಾಲಿ. ತೂತಾದ ಹಾಳೆಗೆ ಹಿಂದಿನಿಂದ ಅಂಟು ಹಾಕಿದರೆ ತಗೋತಾರೋ ಇಲ್ಲವೋ.

ನಾಳೆ ಎಂಟು ಗಂಟೆಗೆ ಬಾ, ಪುಟ್ಟ ನಿನ್ನನ್ನು ಒಪ್ಪಿದ್ದಾನೆ ಅಂತ ಅಕ್ಕ ಮೆಸೇಜ್ ಮಾಡಿದ್ದಾಳೆ. ನಾಳೆ ಹೋಗಬಹುದು. ನಾಡಿದ್ದೂ ಹೇಗೋ ಆಗುತ್ತೆ. ಆದರೆ ಅವನು ನನಗೇ ಒಗ್ಗಿಕೊಂಡುಬಿಟ್ಟರೆ...