ಮಗ್ಗದ ಕುಣಿ ಮುಚ್ಚಲಿಲ್ಲ: ಹದಿನಾಲ್ಕು ವಾರದ ಕೆಲಸ

ಮೇ, ಮೊದಲ ವಾರ

ಗುಳೇದಗುಡ್ಡದ ನಮ್ಮ ಮನೆಯ ಮಗ್ಗದ ಕೋಣೆ 9 ಅಡಿ ಅಗಲ, 12 ಅಡಿ ಉದ್ದ. ಅಪ್ಪ ತೀರಿಕೊಂಡ ಮೇಲೆ ಮಗ್ಗ ಆರು ವರ್ಷ ಸುಮ್ನೆ ನಿಂತಿತ್ತು. ಹೋದ ವರ್ಷ ಬಿಚ್ಚಿ, ಕಟ್ಟಿಗೆಯನ್ನು ಗೋಡೆಗೆ ಒರಗಿಸಿಟ್ಟೆವು. ಮಗಳು ಈಗ ಏಳನೇ ತರಗತಿ. ಅವಳಿಗೆ ಓದಲು ಒಂದು ಜಾಗ ಬೇಕು. ರಾತ್ರಿ ಅವಳೂ ಅವ್ವನೂ ಅಲ್ಲೇ ಮಲಗಬೇಕು. ಬೇರೆ ಕೋಣೆ ಇಲ್ಲ.

ಕೋಣೆಯಲ್ಲಿ ಕುಣಿ ಇದೆ. ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವ ಕುಣಿಮಗ್ಗ ನೋಡದವರಿಗೆ ಹೇಳುತ್ತೇನೆ. ನೇಯುವವರು ನೆಲದ ಮೇಲೇ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಡುತ್ತಾರೆ. ಕಾಲಿಂದ ತುಳಿಯುವ ಹಲಗೆಗಳು ಆ ಕುಣಿಯಲ್ಲೇ ಇರುತ್ತವೆ. ನಮ್ಮದು 34 ಇಂಚು ಅಗಲ, 30 ಇಂಚು ಉದ್ದ, 27 ಇಂಚು ಆಳ. ನಾಲ್ಕೂ ಕಡೆ ಕಲ್ಲು ಕಟ್ಟಿದೆ.

ಮಣ್ಣು ತುಂಬಿ ಮೇಲೆ ಟೈಲ್ಸ್ ಹಾಕಿದರೆ ಒಂದೇ ದಿನದ ಕೆಲಸ ಅಂತ ಮೇಸ್ತ್ರಿ ಹೇಳಿದರು. ನಾನೂ ಒಪ್ಪಿದ್ದೆ. ಹಿಂದಿನ ರಾತ್ರಿ ಅಳತೆ ಬರೆದುಕೊಳ್ಳಲು ಹೋದವನು ಕಾಲು ಇಳಿಬಿಟ್ಟು ಕೂತೆ. ಮುಂದೆ ಒಂದು ಡಬ್ಬಿ ಬೋರಲು ಹಾಕಿ ಅದರ ಮೇಲೆ ವಹಿ ಇಟ್ಟುಕೊಂಡೆ. ಒಂದು ತಾಸು ಬರೆದರೂ ಬೆನ್ನು ನೋಯಲಿಲ್ಲ. ಕುರ್ಚಿ ಆಗಲೇ ಕಟ್ಟಿಟ್ಟಿದೆ, ಅದೂ ನೆಲದೊಳಗೆ! ಮರುದಿನ ಬೆಳಿಗ್ಗೆ ಮಣ್ಣಿನ ಟ್ರ್ಯಾಕ್ಟರ್ ಬೇಡ ಅಂತ ಫೋನ್ ಮಾಡಿದೆ.

ಮೇ, ಮೂರನೇ ವಾರ

ಈ ವಾರ ಕೈಕೆಲಸ ಕಡಿಮೆ, ಸಣ್ಣ ಜಾಗವನ್ನು ಬೇರೆಯವರು ಹೇಗೆ ಕಟ್ಟಿಕೊಂಡರು ಅಂತ ನೋಡಿದ್ದು ಜಾಸ್ತಿ.

ಚಂಡೀಗಡದ ನಕ್ಷೆ ಮಾಡಿದ ಲೆ ಕಾರ್ಬುಸಿಯೆ 1952ರಲ್ಲಿ ಫ್ರಾನ್ಸಿನ ಕಡಲ ದಂಡೆಯಲ್ಲಿ ತನಗಾಗಿ ಒಂದು ಮರದ ಗುಡಿಸಲು ಕಟ್ಟಿಸಿಕೊಂಡ. ಒಂದೊಂದು ಬದಿ 3.66 ಮೀಟರ್, ಅಂದರೆ 12 ಅಡಿ. ನಮ್ಮ ಕೋಣೆಯ ಉದ್ದವೂ ಅಷ್ಟೇ ಅಲ್ವಾ? ಎತ್ತರ 2.26 ಮೀಟರ್, ಆರಡಿ ಆಳು ಕೈ ಎತ್ತಿದರೆ ಮುಟ್ಟುವಷ್ಟು. ಅಡುಗೆಮನೆಯೇ ಇಲ್ಲ, ಊಟಕ್ಕೆ ಪಕ್ಕದ ಖಾನಾವಳಿ. ಊರಿಗೆ ಊರನ್ನೇ ಯೋಜಿಸಿದ ಮನುಷ್ಯ ಮೈಯ ಅಳತೆಗೆ ಸರಿಯಾಗಿ ಒಂದು ಕೋಣೆ ಮಾಡಿಕೊಂಡು ಅದರಲ್ಲಿ ಖುಷಿಯಾಗಿದ್ದ. ನನಗೆ ಅಲ್ಲಿಂದ ಎರಡು ಸಂಗತಿ ಸಿಕ್ಕವು. ಒಂದು, ಮೊದಲು ಮನುಷ್ಯನನ್ನು ಅಳೆಯಬೇಕು, ಆಮೇಲೆ ಕೋಣೆಯನ್ನು. ಇನ್ನೊಂದು, ಅಲ್ಲಿನ ಕಿಟಕಿ ಬಾಗಿಲಿನ ಒಳಮೈಗೆ ಕನ್ನಡಿ ಇದೆ. ಅದರ ಮಾತು ಮುಂದೆ ಬರುತ್ತದೆ.

ಹಾಲೆಂಡಿನ ಉಟ್ರೆಕ್ಟ್‌ನಲ್ಲಿ 1924ರಲ್ಲಿ ರೀಟ್‌ವೆಲ್ಡ್ ಕಟ್ಟಿದ ಶ್ರೋಡರ್ ಮನೆಯೂ ಮನಸ್ಸಿಗೆ ಹತ್ತಿತು. ರೀಟ್‌ವೆಲ್ಡ್ ಮೂಲದಲ್ಲಿ ಬಡಿಗ. ಮೂರು ಮಕ್ಕಳ ತಾಯಿಗೆ ಕಟ್ಟಿದ ಮನೆ ಅದು. ಮೇಲಂತಸ್ತಿನ ಗೋಡೆಗಳು ಸರಿಯುತ್ತವೆ. ಹಗಲು ಒಂದೇ ದೊಡ್ಡ ಜಾಗ, ರಾತ್ರಿ ಬೇರೆ ಬೇರೆ ಕೋಣೆಗಳು. ನಮ್ಮಲ್ಲಿ ಗೋಡೆ ಸರಿಯುವುದಿಲ್ಲ, ಆದರೆ ನೆಲ ಯಾಕೆ ಸರಿಯಬಾರದು?

ಭಾನುವಾರ ಮಗಳ ಜೊತೆ ಬಾದಾಮಿಗೆ ಹೋಗಿದ್ದೆ. ಮೂರನೇ ಗುಹೆಯ ಶಾಸನ 578ರದು. ಕಂಬ, ಜಗಲಿ, ತೊಲೆ ಎಲ್ಲವೂ ಅಲ್ಲಿವೆ, ಆದರೆ ಯಾವುದನ್ನೂ ತಂದು ನಿಲ್ಲಿಸಿದ್ದಲ್ಲ. ಬೇಡದ ಕಲ್ಲನ್ನು ತೆಗೆದರು, ಬೇಕಾದ ಜಾಗ ಉಳಿಯಿತು. ಮಗಳು ಜಗಲಿ ಮೇಲೆ ಕೂತು, "ಅಪ್ಪಾ, ನಮ್ಮ ಕುಣೀನೂ ಹಿಂಗ ಅಲ್ಲಾ?" ಅಂದಳು. ಅವಳಿಗೆ ಇದು ನನಗಿಂತ ಬೇಗ ತಿಳಿಯಿತು.

ಜೂನ್, ಮೊದಲ ವಾರ

ಬಡಿಗೇರ ಕಾಕಾ ಬಂದರು. ಮಗ್ಗದ ಕಟ್ಟಿಗೆ ನೋಡಿ, "ಇದು ಇನ್ನೂ ನೂರು ವರ್ಷ ಬಾಳತೈತಿ, ಒಗೀಬ್ಯಾಡ್ರಿ" ಅಂದರು. ಅದರಲ್ಲೇ ಮೇಜು ಮಾಡಲು ಶುರು ಮಾಡಿದೆವು.

ಲೆಕ್ಕ ಹೀಗಿದೆ. ಮೇಜಿನ ಹಲಗೆ 40 ಇಂಚು ಅಗಲ, 33 ಇಂಚು ಉದ್ದ. ಹಗಲು ನೆಲದಿಂದ ಹನ್ನೊಂದೂವರೆ ಇಂಚು ಎತ್ತರದಲ್ಲಿ ನಿಲ್ಲುತ್ತದೆ. ರಾತ್ರಿ ನಾಲ್ಕೂ ಕಾಲು ಸೆಳೆದು ಕುಣಿಯೊಳಗೆ ಇಟ್ಟು, ಹಲಗೆಯನ್ನು ಕುಣಿಯ ಬಾಯಿಗೆ ಮುಚ್ಚುವುದು. ಅದು ಕೂರಲು ಸುತ್ತಲಿನ ಕಲ್ಲಿನಲ್ಲಿ ಕಚ್ಚು ಕೊರೆಸಿದೆವು. ಮೇಲೆ ಹಾಸಿಗೆ ಹಾಸಿದರೆ ಕುಣಿ ಇದೆ ಅಂತಲೇ ಗೊತ್ತಾಗುವುದಿಲ್ಲ.

ಕಾಲಿಡಲು ಕುಣಿಯಲ್ಲಿ ಒಂದು ಹಲಗೆ. ಅದಕ್ಕೆ 13, 15, 17 ಇಂಚು ಆಳದಲ್ಲಿ ಮೂರು ಕಚ್ಚು. ಮಗಳು ಈಗ 15ರಲ್ಲಿ ಕೂರುತ್ತಾಳೆ. ನನಗೆ 17 ಸರಿ.

ಮೊದಲ ಸಲ ಮೇಜನ್ನು ಕುಣಿಯ ನಟ್ಟ ನಡುವೆ ನಿಲ್ಲಿಸಿದ್ದೆ. ಮಗಳು ಮುಂದಕ್ಕೆ ಬಾಗಿ ಕೈ ಚಾಚಬೇಕಾಯಿತು. ಮಡಿಚುವುದು ಮೊಣಕಾಲು, ಸೊಂಟ ಹಿಂದೆಯೇ ಉಳಿಯುತ್ತದೆ ಅನ್ನುವುದು ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. 9 ಇಂಚು ಈಚೆಗೆ ಎಳೆದ ಮೇಲೆ ಸರಿಹೋಯಿತು.

ಹಲಗೆಗಳ ಸಂದಿನಿಂದ ಕುಣಿಯೊಳಗೆ ದೂಳು ಬೀಳುತ್ತಿತ್ತು. ಆಗ ಐಹೊಳೆಯ ಲಾಡಖಾನ್ ಗುಡಿ ನೆನಪಾಯಿತು. ಅಲ್ಲಿ ಚಾವಣಿಯ ಚಪ್ಪಡಿಗಳು ಕೂಡುವ ಕಡೆ ಉದ್ದುದ್ದ ಕಲ್ಲಿನ ಪಟ್ಟಿ ಕೂರಿಸಿದ್ದಾರೆ, ಮಳೆ ನೀರು ಇಳಿಯದಿರಲಿ ಅಂತ. ನಾವೂ ಸಂದಿಗೆ ಪಟ್ಟಿ ಹೊಡೆದೆವು, ಆದರೆ ಕೆಳಗಿನಿಂದ. ಮೇಲೆ ಹೊಡೆದರೆ ಅವ್ವ ಮಲಗಿದಾಗ ಬೆನ್ನಿಗೆ ಒತ್ತುತ್ತದೆ.

ಜುಲೈ, ಎರಡನೇ ವಾರ

ಕೆಟ್ಟ ವಾರ. ಮಳೆ ಹಿಡಿದು ಕೂತ ಮೇಲೆ ಕುಣಿಯಲ್ಲಿ ಮುಗ್ಗಲು ವಾಸನೆ. ಮಗಳು ಅಲ್ಲಿಟ್ಟ ಎರಡು ಪುಸ್ತಕ ಉಬ್ಬಿ ನಿಂತಿವೆ. ಗೋಡೆಯ ಬಣ್ಣ ಹಪ್ಪಳದಂತೆ ಏಳುತ್ತಿದೆ. ಅವಳ ಮುಖ ನೋಡಿ ನನಗೆ ಬಹಳ ಬೇಜಾರಾಯಿತು.

ಅವ್ವ ನೋಡಿ ಹೇಳಿದಳು, "ತಮ್ಮಾ, ಕುಣ್ಯಾಗ ತಂಪ ಇರಬೇಕಂತನ ನಿಮ್ಮಪ್ಪ ಬ್ಯಾಸಗ್ಯಾಗ ನೀರು ಚಿಮಕಸ್ತಿದ್ದ. ತಂಪ ಇದ್ರ ನೂಲು ಹರಿಯಂಗಿಲ್ಲ." ಎಷ್ಟೋ ಸಲ ನಾನೇ ತಂಬಿಗೆಯಲ್ಲಿ ನೀರು ತಂದುಕೊಟ್ಟಿದ್ದೇನೆ, ಮರೆತೇಹೋಗಿತ್ತು. ನೂಲಿಗೆ ಬೇಕಾದ ತಂಪು ಪುಸ್ತಕಕ್ಕೆ ಆಗುವುದಿಲ್ಲ.

ತಪ್ಪು ನಾನು ಕುಣಿಯ ಗೋಡೆಗೆ ಹಾಕಿಸಿದ ಸಿಮೆಂಟ್ ಗಿಲಾವಿನದು. ಕಲ್ಲಿನ ಹಿಂದಿನ ಮಣ್ಣಿನಿಂದ ಹಸಿ ಬಂದೇ ಬರುತ್ತದೆ. ಸಿಮೆಂಟು ಅದನ್ನು ಬೇಗ ಆರಲು ಬಿಡುವುದಿಲ್ಲ. ಒಳಗೇ ನಿಂತ ಹಸಿ ಬಣ್ಣವನ್ನು ಎಬ್ಬಿಸುತ್ತದೆ. ಮೂರು ದಿನ ಕೂತು ಪೂರ್ತಿ ಕೆತ್ತಿ ತೆಗೆದೆ. ಸುಣ್ಣ, ಮರಳು ಕಲಸಿದ ಗಾರೆ ತೆಳ್ಳಗೆ ಬಳಿದೆವು. ಅದರ ಮೂಲಕ ಹಸಿ ಹೊರಗೆ ಬಂದು ಗಾಳಿಗೆ ಆರುತ್ತದೆ. ಮುಚ್ಚುವ ಹಲಗೆಗೆ ನಾಲ್ಕು ಮೂಲೆಯಲ್ಲಿ ತೂತು ಕೊರೆದು, ದೂಳು ಬೀಳದಂತೆ ಸಣ್ಣ ಜಾಳಿಗೆ ಹೊಡೆದೆವು. ಪುಸ್ತಕಗಳು ಕುಣಿಯಿಂದ ಗೋಡೆಯ ಗೂಡುಗಳಿಗೆ ಹೋದವು. ಗೋಡೆ ಒಂದೂವರೆ ಅಡಿ ದಪ್ಪ ಇದೆ, ಗೂಡುಗಳು ಅಜ್ಜನ ಕಾಲದಿಂದಲೂ ಇವೆ. ಹೊಸ ಕಪಾಟು ಬೇಕೇ ಆಗಲಿಲ್ಲ.

ಆಗಸ್ಟ್, ಎರಡನೇ ವಾರ

ಕುಣಿ ಒಣಗಿದೆ. ವಾಸನೆ ಹೋಗಿದೆ.

ಇನ್ನು ಬೆಳಕು. ಮಾಳಿಗೆಯ ಬೆಳಕಿಂಡಿ ಒಂದು ಅಡಿ ಚೌಕದ್ದು. ಮಧ್ಯಾಹ್ನ ಅದರ ಬೆಳಕು ಸರಿಯಾಗಿ ಮೇಜಿನ ಮೇಲೆ ಬೀಳುತ್ತದೆ. ನೇಯುವಾಗ ಎಳೆ ಕಾಣಲಿ ಅಂತಲೇ ಅಲ್ಲಿ ತೆರೆದಿರಬೇಕು. ಬೆಳಿಗ್ಗೆ ಮತ್ತು ಸಂಜೆ ಮಾತ್ರ ಕತ್ತಲು. ಕಿಟಕಿ ಮನೆ ಪಕ್ಕದ ಸಂದಿಗೆ ತೆರೆಯುತ್ತದೆ, ಬೆಳಕು ಓರೆಯಾಗಿ ಬಂದು ಎದುರು ಗೋಡೆಗೆ ಬಡಿದು ಮುಗಿಯುತ್ತದೆ. ಆ ಕಡಲ ದಂಡೆಯ ಗುಡಿಸಲಿನಂತೆ ಕಿಟಕಿ ಬಾಗಿಲಿನ ಒಳಮೈಗೆ ಕನ್ನಡಿ ಹಚ್ಚಿದೆ. ಬಾಗಿಲನ್ನು ಅರ್ಧ ತೆರೆದು ನಿಲ್ಲಿಸಿದರೆ ಸಂದಿಯ ಬೆಳಕು ತಿರುಗಿ ಮೇಜಿಗೆ ಬರುತ್ತದೆ. ಬೆಳಿಗ್ಗೆ ಏಳೂವರೆಗೆ ಮಗಳು ದೀಪ ಹಾಕದೆ ಓದಿದಳು. ನಾನು ಬಾಗಿಲಲ್ಲೇ ನಿಂತು ನೋಡಿದೆ. ಬಹಳ ಹೊತ್ತು ನೋಡಿದೆ.

ನಿನ್ನೆ ಅವ್ವನನ್ನು ಕೂರಿಸಿದೆ. ಎರಡು ನಿಮಿಷ ಕೂತು, ತೊಡೆಯ ಕೆಳಗೆ ಕೈ ಹಾಕಿ ನೋಡಿದಳು. "ಅಂಚು ಒತ್ತತೈತಿ. ಮೊದಲ ಹಿಂಗ ಇರಲಿಲ್ಲ." ಹಲಗೆ ಕೂರಲು ಕಲ್ಲಿನಲ್ಲಿ ಕಚ್ಚು ಕೊರೆಸಿದಾಗ, ನಾವು ಕೂರುವ ಕಡೆಯ ಅಂಚಿಗೆ ನಾವು ಹೊಸ ಮರದ ಪಟ್ಟಿ ಕೂರಿಸಿದ್ದೆವು. ಅದನ್ನು ಎಬ್ಬಿಸಿ ನೋಡಿದರೆ ಕೆಳಗಿನ ಹಳೆ ಕಲ್ಲು ನಡುವೆ ತಗ್ಗಾಗಿದೆ, ಎರಡು ತೊಡೆಗೆ ಎರಡು ತಗ್ಗು, ಎಣ್ಣೆ ಸವರಿದಷ್ಟು ನುಣುಪು. ಅಜ್ಜ, ಅಪ್ಪ ಇಬ್ಬರೂ ಅಲ್ಲೇ ಕೂತು ಸವೆಸಿದ್ದು.

ಆ ತಗ್ಗಿನ ಆಕಾರವನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಉಜ್ಜಿ ಇಳಿಸಿಕೊಂಡಿದ್ದೇನೆ. ಭಾನುವಾರ ಬಡಿಗೇರ ಕಾಕಾ ರಂದಾ ತರುತ್ತಾರೆ. ಹೊಸ ಪಟ್ಟಿಯನ್ನು ಅದೇ ಅಳತೆಗೆ ಕೆತ್ತಬೇಕು.